ಕೀಪ್ಯಾಡ್ ಫೋನ್‌ನಲ್ಲಿ ಕಾಲ್ ಸರಿ ಇದೆ, ಎಸ್‌ಎಂಎಸ್ ಮಾತ್ರ ಹೋಗುತ್ತಿಲ್ಲ. ಹೊಸ ಫೋನ್ ತಗೊಳ್ಳಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನ ರಾಜಾಜಿನಗರದಲ್ಲಿರುವ ಅಮ್ಮ ಹಳೆಯ ಕೀಪ್ಯಾಡ್ ಫೋನ್ ಬಳಸುತ್ತಾರೆ. ಸಿಮ್ ಹಾಳಾಯಿತು ಅಂತ ಅದೇ ನಂಬರಿನ ಹೊಸ ಸಿಮ್ ಹಾಕಿಸಿ ಒಂದು ವಾರ ಆಗಿದೆ. ಕಾಲ್ ಹೋಗುತ್ತದೆ, ಬರುತ್ತದೆ. ಮೆಸೇಜ್ ಕಳಿಸಿದರೆ ಫೇಲ್ ಅಂತ ತೋರಿಸುತ್ತದೆ. ಬ್ಯಾಂಕಿನ ಒಟಿಪಿ ಒಮ್ಮೊಮ್ಮೆ ಬರುವುದೇ ಇಲ್ಲ. ಅಂಗಡಿಯವರು ಹೊಸ ಫೋನ್ ತಗೊಳ್ಳಿ ಅಂದಿದ್ದಾರೆ.

ದಯವಿಟ್ಟು ಈಗಲೇ ತಗೊಳ್ಳಬೇಡಿ. ಕಾಲ್ ಚೆನ್ನಾಗಿ ನಡೆಯುತ್ತಿದೆ ಅಂದರೆ ಸೆಟ್ ಕೆಟ್ಟಿರುವ ಸಾಧ್ಯತೆ ಬಹಳ ಕಡಿಮೆ. ಇಲ್ಲೇ ನಮ್ಮ ಶ್ರೀನಗರ ಬಡಾವಣೆಯಲ್ಲಿ ಅಕ್ಕಪಕ್ಕದ ಹಿರಿಯರು ಇಂಥ ಫೋನ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಿರುತ್ತಾರೆ. ಹೆಚ್ಚಿನವು ಸೆಟ್ಟಿಂಗ್‌ನಲ್ಲೇ ಸರಿಹೋಗುತ್ತವೆ. ಬಟನ್ ಒತ್ತಿ ಅಭ್ಯಾಸ ಆದವರ ಕೈಗೆ ಟಚ್ ಸ್ಕ್ರೀನ್ ಕೊಟ್ಟರೆ, ಪಾಪ, ಎಷ್ಟೋ ಜನ ಕಾಲ್ ಮಾಡುವುದಕ್ಕೂ ಹೆದರುತ್ತಾರೆ. ಅಮ್ಮನಿಗೆ ಒಗ್ಗಿರುವ ಫೋನನ್ನು ಉಳಿಸಿಕೊಡುವುದು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ.

ಮೆಸೇಜ್ ಹೋಗದಿರುವುದು ಬೇರೆ, ಬರದಿರುವುದು ಬೇರೆ. ಎರಡಕ್ಕೂ ಕಾರಣ ಒಂದೇ ಇರಬೇಕು ಅಂತಿಲ್ಲ. ಹಾಗಾಗಿ ಮೊದಲು ಅಮ್ಮನ ಫೋನ್‌ನಿಂದ ನಿಮ್ಮ ನಂಬರಿಗೆ ಒಂದು ಮೆಸೇಜ್ ಕಳಿಸಿ. ಆಮೇಲೆ ನಿಮ್ಮ ಫೋನ್‌ನಿಂದ ಅಮ್ಮನಿಗೆ ಒಂದು ಕಳಿಸಿ. ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ, ಒಂದೆರಡು ಪದದಲ್ಲಿ ಬರೆಯಿರಿ. ಯಾವ ಕಡೆ ನಿಲ್ಲುತ್ತಿದೆ ಅಂತ ಆಗಲೇ ಗೊತ್ತಾಗುತ್ತದೆ.

ಹೋಗುತ್ತಿಲ್ಲ ಅಂದರೆ ನನ್ನ ಮೊದಲ ಅನುಮಾನ ಮೆಸೇಜ್ ಸೆಂಟರ್ ನಂಬರಿನ ಮೇಲೆ. ನಾವು ಕಳಿಸುವ ಎಸ್‌ಎಂಎಸ್ ಸೀದಾ ಆ ಕಡೆಯ ಫೋನ್‌ಗೆ ಹೋಗುವುದಿಲ್ಲ. ಅಂಚೆ ಡಬ್ಬಿಗೆ ಹಾಕಿದ ಕಾಗದ ಮೊದಲು ಅಂಚೆ ಕಚೇರಿಗೆ ಹೋಗುವ ಹಾಗೆ, ಅದು ಮೊದಲು ಕಂಪನಿಯ ಮೆಸೇಜ್ ಸೆಂಟರ್‌ಗೆ ಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಆ ಸೆಂಟರಿಗೆ ಒಂದು ನಂಬರ್ ಇರುತ್ತದೆ. ಅದು ಸಾಮಾನ್ಯವಾಗಿ ಸಿಮ್‌ನಲ್ಲೇ ಬರೆದಿರುತ್ತದೆ. ಅದು ಖಾಲಿ ಇದ್ದರೆ ಅಥವಾ ಒಂದು ಅಂಕಿ ತಪ್ಪಿದ್ದರೂ ಮೆಸೇಜ್ ಫೇಲ್ ಆಗುತ್ತದೆ. ಕಾಲ್‌ಗೆ ಈ ನಂಬರ್ ಬೇಕಿಲ್ಲ. ಹೊರಗಿನಿಂದ ಬರುವ ಮೆಸೇಜ್‌ಗೂ ಬೇಕಿಲ್ಲ. ಅದಕ್ಕೇ ಉಳಿದಿದ್ದೆಲ್ಲ ಸರಿ ಇದ್ದು ಕಳಿಸುವುದು ಮಾತ್ರ ನಿಂತುಹೋಗುತ್ತದೆ. ಕಾಲ್ ಸರಿ ಇದೆ, ಕಳಿಸಿದ ಮೆಸೇಜ್ ಮಾತ್ರ ಫೇಲ್ ಆಗುತ್ತದೆ ಅಂತ ನೀವು ಹೇಳಿದ್ದೂ ಅದನ್ನೇ ಅಲ್ವಾ? ಒಟಿಪಿ ಬರದಿರುವ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೋಡುವುದು ಸುಲಭ. ಮೆಸೇಜ್ ಮೆನು ಒಳಗೆ ಸೆಟ್ಟಿಂಗ್ಸ್‌ಗೆ ಹೋಗಿ. ಮೆಸೇಜ್ ಸೆಂಟರ್ ಅಥವಾ ಸರ್ವಿಸ್ ಸೆಂಟರ್ ಅಂತ ಇರುತ್ತದೆ. ಎರಡು ಸಿಮ್ ಫೋನ್ ಆದರೆ ಸಿಮ್ 1, ಸಿಮ್ 2 ಎರಡಕ್ಕೂ ಬೇರೆ ಬೇರೆ ಇರುತ್ತದೆ, ಸರಿಯಾದ್ದನ್ನು ತೆಗೆಯಿರಿ. ನಂಬರ್ +91 ಇಂದ ಶುರುವಾಗಬೇಕು. ಸರಿಯಾದ ನಂಬರ್ ಎಲ್ಲಿ ಸಿಗುತ್ತದೆ ಅಂದರೆ, ಅದೇ ಕಂಪನಿಯ, ಕರ್ನಾಟಕದಲ್ಲೇ ತಗೊಂಡ ಸಿಮ್ ಇರುವ ಇನ್ನೊಬ್ಬರ ಕೀಪ್ಯಾಡ್ ಫೋನ್ ಹುಡುಕಿ. ಅವರ ಮೆಸೇಜ್ ಸರಿಯಾಗಿ ಹೋಗುತ್ತಿದ್ದರೆ ಅವರ ಸೆಂಟರ್ ನಂಬರ್ ನೋಡಿ ಹಾಗೇ ಬರೆದುಕೊಳ್ಳಿ. ಕಸ್ಟಮರ್ ಕೇರ್‌ನಲ್ಲಿ ಕೇಳಿದರೂ ಹೇಳುತ್ತಾರೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಪಟ್ಟಿಯಿಂದ ಮಾತ್ರ ತಗೊಳ್ಳಬೇಡಿ, ಹಳೆಯ ನಂಬರ್‌ಗಳು, ಬೇರೆ ರಾಜ್ಯದ ನಂಬರ್‌ಗಳು ಅದರಲ್ಲಿ ಬೆರೆತಿರುತ್ತವೆ. ಪ್ಲಸ್ ಗುರುತು ಕೆಲವು ಸೆಟ್‌ನಲ್ಲಿ ಸ್ಟಾರ್ ಬಟನ್ ಎರಡು ಸಲ ಒತ್ತಿದರೆ, ಕೆಲವದರಲ್ಲಿ ಸೊನ್ನೆ ಒತ್ತಿ ಹಿಡಿದರೆ ಬರುತ್ತದೆ. ಸೇವ್ ಮಾಡಿ, ಫೋನ್ ಆಫ್ ಮಾಡಿ ಆನ್ ಮಾಡಿ, ಮತ್ತೆ ಕಳಿಸಿ ನೋಡಿ.

ಆಗಲೂ ಹೋಗದಿದ್ದರೆ ರೀಚಾರ್ಜ್ ನೋಡಿ. ಕಡಿಮೆ ದುಡ್ಡಿನ ಕೆಲವು ಪ್ಯಾಕ್‌ಗಳಲ್ಲಿ ಕಾಲ್ ಇರುತ್ತದೆ, ಎಸ್‌ಎಂಎಸ್ ಇರುವುದೇ ಇಲ್ಲ. ಹಾಗಿದ್ದರೆ ಮೆಸೇಜ್‌ಗೆ ಬೇರೆ ಬ್ಯಾಲೆನ್ಸ್ ಬೇಕು. ಅಮ್ಮನಿಗೆ ಡೇಟಾ ಬೇಕಿಲ್ಲ ತಾನೆ? ಬರೀ ಕಾಲ್ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು ಅಂತ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿದೆ. 2025ರ ಜನವರಿಯಿಂದ ಅಂಥ ಪ್ಯಾಕ್‌ಗಳು ಬಂದಿವೆ. ಅಂಗಡಿಯಲ್ಲಿ ಅವರಾಗಿಯೇ ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ಕೀಪ್ಯಾಡ್ ಫೋನ್ ಇರುವವರು ಬಳಸದ ಡೇಟಾಗೆ ತಿಂಗಳು ತಿಂಗಳು ದುಡ್ಡು ಕಟ್ಟುವುದು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇನ್ನು ಮೆಸೇಜ್ ಬರದಿರುವ ವಿಷಯ. ಇಲ್ಲಿ ಅತಿ ಸಾಮಾನ್ಯ ಕಾರಣ ಇನ್‌ಬಾಕ್ಸ್ ತುಂಬಿರುವುದು. ಕೀಪ್ಯಾಡ್ ಫೋನ್‌ನಲ್ಲಿ ಜಾಗ ಸ್ವಲ್ಪವೇ, ಸಿಮ್‌ನಲ್ಲಿ ಇನ್ನೂ ಕಡಿಮೆ. ತುಂಬಿದರೆ ಹೊಸ ಮೆಸೇಜ್ ಕಂಪನಿಯ ಸೆಂಟರ್‌ನಲ್ಲೇ ಕಾಯುತ್ತದೆ. ಕೆಲವು ಸೆಟ್‌ಗಳಲ್ಲಿ ಲಕೋಟೆ ಗುರುತು ಮಿನುಗುತ್ತಾ ಇರುತ್ತದೆ, ಅದರ ಅರ್ಥ ಅದೇ. ಜಾಗ ಮಾಡಿಕೊಟ್ಟರೆ ಕಾದಿದ್ದವು ತಾವಾಗಿಯೇ ಬರುತ್ತವೆ. ಆದರೆ ಅಷ್ಟರಲ್ಲಿ ಒಟಿಪಿ ಅವಧಿ ಮುಗಿದಿರುತ್ತದೆ. ಗ್ಯಾಸ್ ಸಿಲಿಂಡರ್ ತಂದವರು ಕೋಡ್ ಕೇಳುತ್ತಾ ಬಾಗಿಲಲ್ಲಿ ನಿಂತಿದ್ದಾಗ ಹೀಗಾದರೆ ವಯಸ್ಸಾದವರಿಗೆ ಎಷ್ಟು ಕಷ್ಟ ಹೇಳಿ.

ಅಳಿಸುವಾಗ ಒಂದು ಉಪಾಯ ಇದೆ. ಈಗ ಕಂಪನಿಗಳ ಮೆಸೇಜ್‌ನಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಪಿ ಇದ್ದರೆ ಜಾಹೀರಾತು, ಎಸ್ ಇದ್ದರೆ ಸೇವೆ, ಟಿ ಇದ್ದರೆ ವಹಿವಾಟು, ಜಿ ಇದ್ದರೆ ಸರ್ಕಾರ. 2025ರಲ್ಲಿ ಬಂದ ವ್ಯವಸ್ಥೆ ಇದು. ಪಿ ಇರುವುದನ್ನೆಲ್ಲ ಯೋಚನೆ ಮಾಡದೆ ಅಳಿಸಿ. ಸೆಂಟ್, ಡ್ರಾಫ್ಟ್ಸ್ ಫೋಲ್ಡರ್‌ಗಳನ್ನೂ ಖಾಲಿ ಮಾಡಿ, ಅವೂ ಜಾಗ ತಿನ್ನುತ್ತವೆ. ಮೆಸೇಜ್ ಸೇವ್ ಆಗುವ ಜಾಗ ಸಿಮ್ ಅಂತ ಇದ್ದರೆ ಫೋನ್ ಅಂತ ಬದಲಾಯಿಸಿ.

ಜಾಹೀರಾತು ಬರುವುದನ್ನೇ ಕಡಿಮೆ ಮಾಡಬೇಕೆಂದರೆ, ಕಳಿಸುವುದು ಸರಿಹೋದ ಮೇಲೆ, ಇಂಗ್ಲಿಷ್‌ನಲ್ಲಿ ಸ್ಟಾರ್ಟ್ ಅಂತ ಬರೆದು ಜಾಗ ಬಿಟ್ಟು 0 ಹಾಕಿ 1909ಕ್ಕೆ ಕಳಿಸಿ. ಇದರಿಂದ ಒಟಿಪಿ ನಿಲ್ಲುತ್ತದೆ ಅನ್ನುವ ಭಯ ಬೇಡ. ಈ ವ್ಯವಸ್ಥೆಗೆ ಡಿಎನ್‌ಡಿ ಅನ್ನುತ್ತಾರೆ, ಇದು ತಡೆಯುವುದು ಜಾಹೀರಾತುಗಳನ್ನು ಮಾತ್ರ.

ಇನ್‌ಬಾಕ್ಸ್ ಖಾಲಿ ಇದ್ದೂ ಬರುತ್ತಿಲ್ಲವಾ? ನೀವು ಕಳಿಸಿದ್ದು ಬಂದು ಬ್ಯಾಂಕಿನದು ಮಾತ್ರ ಬರದಿದ್ದರೆ ಮೊದಲು ಫೋನ್‌ನ ಬ್ಲಾಕ್ ಲಿಸ್ಟ್ ನೋಡಿ, ಆಮೇಲೆ ಬ್ಯಾಂಕಿಗೆ ಹೋಗಿ ಖಾತೆಗೆ ಯಾವ ನಂಬರ್ ಜೋಡಿಸಿದ್ದಾರೆ ಅಂತ ಕೇಳಿ. ಇನ್ನೊಂದು, ಬ್ಯಾಟರಿ ತೆಗೆದು ಹಾಕಿದಾಗ ಕೆಲವು ಸೆಟ್‌ಗಳಲ್ಲಿ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಹೊಸ ಮೆಸೇಜ್ ಪಟ್ಟಿಯ ತಳಕ್ಕೆ ಸೇರಿ, ಬಂದೇ ಇಲ್ಲ ಅನ್ನಿಸಬಹುದು.

ಸಿಮ್ ಬದಲಾಯಿಸಿದ ಮೇಲೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೋಸ ತಡೆಯುವುದಕ್ಕೆ ಸರ್ಕಾರವೇ ಮಾಡಿರುವ ನಿಯಮ ಇದು. ನಿಮ್ಮದು ವಾರ ಕಳೆದಿದೆ, ಹಾಗಾಗಿ ಅದು ಕಾರಣ ಅಲ್ಲ.

ಮೊಮ್ಮಕ್ಕಳು ಕನ್ನಡದಲ್ಲಿ ಕಳಿಸಿದ್ದು ಬರೀ ಚೌಕ ಚೌಕ ಕಾಣುತ್ತದೆ ಅಂತಲೂ ಕೇಳಿದ್ದೀರಿ. ಆ ಫೋನ್‌ನಲ್ಲಿ ಕನ್ನಡ ಅಕ್ಷರ ತೋರಿಸುವ ಫಾಂಟ್ ಇಲ್ಲ. ಸೆಟ್ಟಿಂಗ್ಸ್‌ನ ಭಾಷೆಗಳಲ್ಲಿ ಕನ್ನಡ ಇದ್ದರೆ ಸರಿಹೋಗಬಹುದು, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ಕಳಿಸಲು ಹೇಳಿ. ಉದ್ದದ ವಿಷಯವೂ ಇದೆ: ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಕೊಂಬು, ಗುಡಿಸು ಎಲ್ಲ ಬೇರೆ ಬೇರೆ ಲೆಕ್ಕ. ಲಕ್ಷ್ಮಿ ಅಂತ ಬರೆದರೆ 7 ಹೋಯಿತು. ಜಾಸ್ತಿ ಉದ್ದ ಆದರೆ ತುಂಡು ತುಂಡಾಗಿ ಹೋಗುತ್ತದೆ, ಪ್ಯಾಕ್‌ನ ಲೆಕ್ಕದಲ್ಲೂ ಅಷ್ಟು ಮೆಸೇಜ್ ಖರ್ಚಾಗುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಸಿಮ್ ತೆಗೆದು ಬೇರೆ ಫೋನ್‌ಗೆ ಹಾಕಿ ನೋಡಿ. ಅಲ್ಲೂ ಮೆಸೇಜ್ ಹೋಗದಿದ್ದರೆ ತಪ್ಪು ಸಿಮ್‌ನದು ಅಥವಾ ಕಂಪನಿಯದು. 198ಕ್ಕೆ ಫೋನ್ ಮಾಡಿ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬೇರೆ ಫೋನ್‌ನಲ್ಲಿ ಸರಿಯಾಗಿ ಹೋದರೆ ಮಾತ್ರ ಸೆಟ್ ಮೇಲೆ ಅನುಮಾನ. ಆಗ ಫ್ಯಾಕ್ಟರಿ ರೀಸೆಟ್ ಮಾಡಿ ನೋಡಬಹುದು, ಆದರೆ ಅದಕ್ಕೂ ಮುಂಚೆ ಅಮ್ಮನ ನಂಬರ್‌ಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಅದೂ ಆಗದಿದ್ದರೆ ಎಸ್.ಪಿ. ರೋಡ್ ಕಡೆ ರಿಪೇರಿ ಮಾಡುವವರಿಗೆ ಒಮ್ಮೆ ತೋರಿಸಿ.

ಮುಂದೆ ಯಾವತ್ತಾದರೂ ಮೆಸೇಜ್ ಜೊತೆಗೆ ಸಿಗ್ನಲ್ ಕೂಡ ಇದ್ದಕ್ಕಿದ್ದಂತೆ ಪೂರ್ತಿ ಹೋಗಿ ವಾಪಸ್ ಬರದಿದ್ದರೆ ಇದೆಲ್ಲ ಮಾಡುತ್ತಾ ಕೂರಬೇಡಿ. ಬೇರೆ ಯಾರೋ ಅಮ್ಮನ ಹೆಸರಲ್ಲಿ ಸಿಮ್ ತೆಗೆದಿರಬಹುದು. ತಕ್ಷಣ ಕಂಪನಿಗೆ ಮತ್ತು ಬ್ಯಾಂಕಿಗೆ ಫೋನ್ ಮಾಡಿ. ದುಡ್ಡು ಹೋಗಿದ್ದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಹೇಳಿ.

ಸೆಂಟರ್ ನಂಬರ್ ನೋಡಿದ ಮೇಲೆ ಏನಾಯಿತು ಅಂತ ಬರೆಯಿರಿ. ಸೆಟ್‌ನ ಮಾಡೆಲ್ ಕೂಡ ಹೇಳಿದರೆ ಮೆನುವಿನಲ್ಲಿ ಎಲ್ಲೆಲ್ಲಿ ಒತ್ತಬೇಕು ಅಂತ ತಿಳಿಸುತ್ತೇನೆ.