ಓದುಗರ ಪ್ರಶ್ನೆ: ಮುಂಗಾರು ದಿನ ತಪ್ಪಿದರೆ ಅಡಿಕೆಗೆ ಮದ್ದು ಯಾವಾಗ?

ಪ್ರಶ್ನೆ: ಪತ್ತನಾಜೆ (ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು) ಕಳೆದ ಮೇಲೆ ಕೊಳೆರೋಗಕ್ಕೆ ಮೊದಲ ಮದ್ದು ಬಿಡುವುದು (ಸಿಂಪಡಿಸುವುದು) ನಮ್ಮ ರೂಢಿ. ಈಗ ಮಳೆಯೇ ಮೊದಲು ಹಿಡಿಯುತ್ತದೆ. ಏನು ಮಾಡುವುದು? ಬಿಟ್ಟ ಮದ್ದಿನಿಂದಲೇ ಎಳೆಕಾಯಿ ಸುಟ್ಟಂತಾಗುವುದೂ ಉಂಟು. (ಕೃಷಿಕರು, ಪೆರ್ಲ)

ಉತ್ತರ: ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಜೂನ್ 8ಕ್ಕೆ ಬಂತು, 2025ರಲ್ಲಿ ಮೇ 24ಕ್ಕೇ. ಇಷ್ಟು ಹಿಂದುಮುಂದಾಗುವಾಗ ಪತ್ತನಾಜೆಯನ್ನು ನಂಬಿ ಕೂರುವ ಹಾಗಿಲ್ಲ. ಹವಾಮಾನ ಇಲಾಖೆ ಮೇ ಮಧ್ಯದಲ್ಲಿ ಮುಂಗಾರು ಪ್ರವೇಶದ ಮುನ್ಸೂಚನೆ ಕೊಡುತ್ತದೆ, ನಾಲ್ಕು ದಿನ ಆಚೀಚೆ ಎಂಬ ಷರತ್ತಿನೊಂದಿಗೆ. ಅಷ್ಟರೊಳಗೆ ಮೈಲುತುತ್ತು, ಸುಣ್ಣ, ಮದ್ದು ಬಿಡುವ ಜನ ಎಲ್ಲ ತಯಾರಿರಬೇಕು. ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ದ್ರಾವಣ, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗವನ್ನು ತಡೆಯುತ್ತದೆ, ಗುಣಪಡಿಸುವುದಿಲ್ಲ. ಮಳೆ ಹಿಡಿದುಬಿಟ್ಟರೆ ಹೊಳವಿಗೆ (ಮಳೆ ಬಿಡುವು ಕೊಡುವುದಕ್ಕೆ) ಕಾಯಿರಿ. ಗೊನೆ ಒಣಗಿರಬೇಕು, ಬಿಟ್ಟ ಮದ್ದು ಆರಲು ಕೆಲವು ತಾಸು ಬಿಸಿಲು ಬೇಕು. ಎರಡನೆಯದು 40-45 ದಿನಕ್ಕೆ. ಮಳೆ ಬಿಡದಿದ್ದರೆ ಮೂರನೆಯದೂ ಬೇಕು. ಉದುರಿದ ಕೊಳೆಯಡಿಕೆಯನ್ನು ತೋಟದಲ್ಲೇ ಬಿಟ್ಟರೆ ರೋಗವನ್ನು ಸಾಕಿದ ಹಾಗೆ. ಹೆಕ್ಕಿ ಹೊರಗೆ ಸಾಗಿಸಿ.

ಕಾಯಿ ಸುಡುವುದಕ್ಕೆ ಹೆಚ್ಚಾಗಿ ಕಾರಣ ಹಳೆಯ ಸುಣ್ಣ. ತೇವದ ಗಾಳಿಗೆ ಅದರ ಖಾರ ಹೋಗಿರುತ್ತದೆ, ಮೈಲುತುತ್ತಿನ ಹುಳಿ ಹಾಗೇ ಉಳಿಯುತ್ತದೆ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಹೊಸ ಸುಟ್ಟ ಸುಣ್ಣ, 100 ಲೀಟರ್ ನೀರು. ಚೀಲದ ಪುಡಿಸುಣ್ಣವಾದರೆ ಸುಮಾರು 1.3 ಕಿಲೋ ಬೇಕಾಗುತ್ತದೆ. ಮೈಲುತುತ್ತನ್ನು ಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಹಾಕಿ, ತಾನಾಗಿ ಕರಗಿ ಇಳಿಯುತ್ತದೆ. ಪಾತ್ರೆ ಪ್ಲಾಸ್ಟಿಕ್‌ನದ್ದಿರಲಿ, ಕಬ್ಬಿಣ ಬೇಡವೇ ಬೇಡ. ಸುಣ್ಣವನ್ನು ಅರಳಿಸಿ, ಉಳಿದ 50 ಲೀಟರಿನಲ್ಲಿ ಕದಡಿ, ಸೋಸಿ, ಪೂರ್ತಿ ತಣಿಯಲು ಬಿಡಿ. ಆಮೇಲೆ ಕಲಕುತ್ತಾ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ. ಅದಲುಬದಲಾದರೆ, ಅಥವಾ ಸುಣ್ಣ ಬಿಸಿಯಿದ್ದರೆ, ಕಣಗಳು ದಪ್ಪಗಾಗಿ ತಳಕ್ಕಿಳಿಯುತ್ತವೆ, ಕಾಯಿಗೆ ಅಂಟುವುದಿಲ್ಲ. ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ ನೋಡಿ. ಕೆಂಪಡರಿದರೆ ಸುಣ್ಣದ ನೀರು ಇನ್ನಷ್ಟು ಸೇರಿಸಿ. ತಯಾರಿಸಿದ ದಿನವೇ ಬಿಟ್ಟು ಮುಗಿಸಬೇಕು.

ಪ್ರಶ್ನೆ: ಮರ ಹತ್ತುವವರಿಲ್ಲ. ಡ್ರೋನ್ ಆದೀತೇ? (ಓದುಗರು, ಬದಿಯಡ್ಕ)

ಉತ್ತರ: ಕೊಳೆರೋಗಕ್ಕೆ ಸದ್ಯ ಬೇಡ ಎನ್ನುವುದೇ ಸರಿ. ಗೊನೆ ಇರುವುದು ಸೋಗೆಯ ಕೆಳಗೆ, ಡ್ರೋನ್ ಸುರಿಯುವುದು ಮೇಲಿಂದ. ಬಹಳಷ್ಟು ಮದ್ದನ್ನು ಸೋಗೆಯೇ ಕುಡಿಯುತ್ತದೆ. ಸಣ್ಣ ತೂತಿನ ನಾಝಲ್ ಬೋರ್ಡೋ ಕಣಗಳಿಗೆ ಕಟ್ಟಿಕೊಳ್ಳುವ ರಗಳೆ ಬೇರೆ. ಎಲೆಚುಕ್ಕಿ ರೋಗಕ್ಕಾದರೆ ಸೋಗೆಗೆ ಬಿದ್ದರೂ ಕೆಲಸವಿದೆ. ನೆಲದಲ್ಲೇ ನಿಂತು ಗೊನೆಗೆ ಬಿಡಲು ಫೈಬರ್ ದೋಟಿ ವಾಸಿ. ಆದರೆ ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ ಎಂಬುದು ನೆನಪಿರಲಿ. ತಂತಿ ಹಾದುಹೋಗುವ ಕಡೆ ಲೈನ್ ಆಫ್ ಮಾಡಿಸದೆ ದೋಟಿ ಎತ್ತಬಾರದು.

ಪ್ರಶ್ನೆ: ಮಾಡಿನ ನೀರನ್ನು ಬಾವಿಗೆ ಬಿಟ್ಟೆವು. ಮಾರ್ಚ್‌ಗೆ ಮತ್ತೆ ಆರಿತು. (ಓದುಗರು, ಮುಳ್ಳೇರಿಯ)

ಉತ್ತರ: ನೀರು ಕಡಿಮೆಯಾದದ್ದಲ್ಲ. 100 ಚದರ ಮೀಟರ್ ಮಾಡಿಗೆ 3000 ಮಿ.ಮೀ. ಮಳೆ ಬಿದ್ದರೆ 3 ಲಕ್ಷ ಲೀಟರ್, ಐದರಲ್ಲೊಂದು ಪಾಲು ನಷ್ಟವಾದರೂ 2.4 ಲಕ್ಷ. ಅದು ನಿಲ್ಲಲಿಲ್ಲ, ಅಷ್ಟೆ. ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲಿನಲ್ಲಿ) ನೀರು ಎಷ್ಟು ಬೇಗ ಇಳಿಯುತ್ತದೋ ಅಷ್ಟೇ ಬೇಗ ತಗ್ಗಿಗೆ ಜಾರುತ್ತದೆ. ಹಾಗಾಗಿ ಬಾವಿಯ ಕೆಳಗಿನ ತೋಡಿಗೆ ಮಳೆ ಮುಗಿದು ಹರಿವು ಇಳಿದಾಗ ಕಟ್ಟ (ತಾತ್ಕಾಲಿಕ ಒಡ್ಡು) ಹಾಕಿ. ತೋಡಿನಲ್ಲಿ ನೀರು ನಿಂತಷ್ಟು ದಿನ ಬಾವಿಯ ನೀರೂ ಜಾರಿಹೋಗುವುದಿಲ್ಲ. ಮೇಲಿನ ಜಾಗದಲ್ಲಿ ಇಂಗುಗುಂಡಿ ತೋಡಬಹುದು, ಆದರೆ ಕಡಿದಾದ ಗುಡ್ಡದಲ್ಲಿ ಬೇಡ. ಒಂದೇ ದಿನ 200 ಮಿ.ಮೀ. ಸುರಿದರೆ ಗುಂಡಿಯ ನೀರೇ ಮಣ್ಣನ್ನು ಸಡಿಲಿಸಿ ಗುಡ್ಡ ಜರಿಯಬಹುದು.