ಹುಳ ಕಾಣಿಸಲಿಲ್ಲ ಎಂದವರಿಗೆ

ಪತ್ರ: ಹೋದ ಸಂಚಿಕೆಯಲ್ಲಿ ನೀವು ಹಾಡಿ ಹೊಗಳಿದ ಹಳೆಯ ಫ್ರೆಂಚ್ ಹಾಸ್ಯಚಿತ್ರ ‘ಝೂರ್ ದ ಫೆತ್’ ನೋಡಿದೆ. ಕಥೆಯೇ ಇಲ್ಲ, ಅರ್ಧ ಮಾತು ಬರೀ ಗೊಣಗಾಟ. ಪೋಸ್ಟ್‌ಮ್ಯಾನ್ ಒಬ್ಬ ಸುಮ್ಮನೆ ಗಾಳಿಗೆ ಕೈ ಬೀಸಿದರೆ ನಗು ಬರುತ್ತದೆಯೇ? ಹುಳವೊಂದು ಅವನನ್ನು ಕಾಡುತ್ತದೆ ಎಂದು ಬರೆದಿದ್ದಿರಲ್ಲ, ಆ ಹುಳ ಎಲ್ಲಿತ್ತು?

ಉತ್ತರ: ಗೊಣಗಾಟದ ದೂರು ನಿಜ, ಒಪ್ಪಿದೆ. ಆದರೆ ಕಥೆಯಿಲ್ಲ ಅಂದಿರಲ್ಲ, 1949ರ ವೆನಿಸ್ ಚಿತ್ರೋತ್ಸವದಲ್ಲಿ ಇದಕ್ಕೆ ಸಿಕ್ಕಿದ್ದೇ ಚಿತ್ರಕಥೆಯ ಪ್ರಶಸ್ತಿ! ಜಾತ್ರೆಯ ಡೇರೆಯಲ್ಲಿ ಅಮೆರಿಕದ ಅಂಚೆಯವರ ಸಾಹಸದ ಚಿತ್ರ ನೋಡಿದ ಹಳ್ಳಿ ಪೋಸ್ಟ್‌ಮ್ಯಾನ್ ಫ್ರಾನ್ಸ್ವಾ, ತಾನೇನು ಕಮ್ಮಿ ಎಂದು ಸೈಕಲ್ ಹತ್ತುತ್ತಾನೆ. ಓಡುವ ಲಾರಿಗೆ ಜೋತುಬಿದ್ದು, ಅದರ ಹಿಂಬದಿ ಹಲಗೆಯನ್ನೇ ಮೇಜು ಮಾಡಿಕೊಂಡು ಕಾಗದಗಳಿಗೆ ಮುದ್ರೆ ಒತ್ತುತ್ತಾನೆ. ಇನ್ನೆಷ್ಟು ಕಥೆ ಬೇಕು?

ಈಗ ಹುಳಕ್ಕೆ ಬರೋಣ. ದೂರದ ರಸ್ತೆಯಲ್ಲಿ ಫ್ರಾನ್ಸ್ವಾ ಸೈಕಲ್ ಮೇಲೆ ಕೈ ಬೀಸುತ್ತಾ ಒದ್ದಾಡುತ್ತಾನೆ, ಹತ್ತಿರದಲ್ಲಿ ರೈತನೊಬ್ಬ ನೋಡುತ್ತಿದ್ದಾನೆ. ಗುಂಯ್ ಸದ್ದು ಈಚೆ ಬಂದಾಗ ಕೈ ಬೀಸುವ ಸರದಿ ರೈತನದು. ಸದ್ದು ಆಚೆ ಹೋಯಿತೋ, ಮತ್ತೆ ಫ್ರಾನ್ಸ್ವಾನ ಕುಣಿತ. ಇಬ್ಬರೂ ಒಂದೇ ಚೌಕಟ್ಟಿನಲ್ಲಿರುವುದರಿಂದಲೇ ಕಾಣದ ಹುಳದ ದಾರಿ ನಮಗೆ ಕಾಣುತ್ತದೆ. ಕ್ಯಾಮೆರಾ ಮುಖದ ಹತ್ತಿರ ಹೋಗಿದ್ದರೆ ತಮಾಷೆ ಅಲ್ಲೇ ಸತ್ತಿರುತ್ತಿತ್ತು.

ನೀವು ಟಿವಿಯಲ್ಲಿ ‘ಜೂಮ್’ ಒತ್ತಿ ನೋಡಿದಿರೇನೋ ಎಂಬ ಗುಮಾನಿ ನನಗೆ. ಚಿತ್ರದ ಅಗಲ-ಎತ್ತರದ ಅನುಪಾತ 1.37:1, ಟಿವಿಯದು 16:9. ಪರದೆ ತುಂಬಿಸಹೋದರೆ ಮೇಲೆ ಕೆಳಗೆ ಸೇರಿ ಹೆಚ್ಚುಕಡಿಮೆ ಕಾಲುಭಾಗ ಕತ್ತರಿಸಿಹೋಗುತ್ತದೆ. ‘ಸ್ಟ್ರೆಚ್’ ಒತ್ತಿದರೆ ಇನ್ನೂ ಕೆಟ್ಟದ್ದು: ಫ್ರಾನ್ಸ್ವಾ ಆಗಿರುವ ನಿರ್ದೇಶಕ ಜಾಕ್ ತಾತಿಯವರ ಆರಡಿ ಮೀರಿದ ಕಡ್ಡಿ ದೇಹ, ಅದೇ ಅರ್ಧ ಹಾಸ್ಯ, ಊದಿಕೊಳ್ಳುತ್ತದೆ. ಎರಡು ಪಕ್ಕದ ಕಪ್ಪು ಪಟ್ಟಿ ಇದ್ದರೆ ಇರಲಿ ಬಿಡಿ.

ಪ್ರತಿಯನ್ನೂ ನೋಡಿ ಆರಿಸಿ. 1947ರಲ್ಲಿ ಸೇಂತ್ ಸೆವೇರ್ ಎಂಬ ಹಳ್ಳಿಯಲ್ಲಿ ಎರಡು ಕ್ಯಾಮೆರಾ ಇಟ್ಟು ಚಿತ್ರೀಕರಿಸಿದರು. ಒಂದರಲ್ಲಿ ಥಾಮ್ಸನ್‌ಕಲರ್ ಎಂಬ ಬಣ್ಣದ ಫಿಲ್ಮು, ಇನ್ನೊಂದರಲ್ಲಿ, ಯಾತಕ್ಕೂ ಇರಲಿ ಎಂದು, ಕಪ್ಪು-ಬಿಳುಪು. ಥಾಮ್ಸನ್‌ಕಲರ್ ಫಿಲ್ಮಿನ ಬೆನ್ನ ಮೇಲೆ ಸೂಕ್ಷ್ಮ ಗೀರುಗಳು, ಒಂದೊಂದೂ ಒಂದು ಮಸೂರ. ಅದರಿಂದ ಬಣ್ಣದ ಪ್ರತಿ ತೆಗೆಯಲು ಆ ಕಾಲದಲ್ಲಿ ಆಗಲೇ ಇಲ್ಲ. ಹಾಗಾಗಿ ಜನ ನೋಡಿದ್ದು ಕಪ್ಪು-ಬಿಳುಪನ್ನು. ತಾತಿಯವರ ಮಗಳು ಸೋಫಿ ಬಣ್ಣದ ಪ್ರತಿಯನ್ನು ಹೊರತಂದದ್ದು 1995ರಲ್ಲಿ. ಮೊದಲು ಅದನ್ನೇ ನೋಡಿ: ಜಾತ್ರೆಯ ಜೊತೆಗೇ ಊರಿಗೆ ಬಣ್ಣ ಬರಲಿ ಎಂದು ತಾತಿ ಮನೆಬಾಗಿಲುಗಳಿಗೆ ಬೂದು ಬಣ್ಣ ಬಳಿಸಿದ್ದರು.

ಇಂದಿನ ಕಾಮಿಡಿ ಶೋಗಳಿಗೆ ಈ ತಾಳ್ಮೆ ಎಲ್ಲಿದೆ? ಜೋಕು ಮುಗಿಯುವ ಮೊದಲೇ ‘ಟೊಂಯ್’ ಎಂಬ ಸದ್ದು, ಪರದೆ ತುಂಬ ಒಂದು ಮುಖ, ನಮ್ಮ ಪರವಾಗಿ ಬಿದ್ದು ಬಿದ್ದು ನಗಲು ತೀರ್ಪುಗಾರರು. ನೋಡುವವರಿಗೆ ಹುಡುಕಲು ಏನನ್ನಾದರೂ ಬಿಟ್ಟರೆ ತಾನೆ! ಜೂಮ್ ತೆಗೆದು ಇನ್ನೊಮ್ಮೆ ನೋಡಿ, ಈ ಸಲ ರೈತನ ಮೇಲೆ ಕಣ್ಣಿಡಿ. ಆಮೇಲೂ ಬೈಯಬೇಕೆನಿಸಿದರೆ ಬರೆಯಿರಿ, ಅಚ್ಚು ಹಾಕೋಣ.