ಕೆಪಾಸಿಟರ್‌ನ ಧ್ರುವೀಕರಣ, ಬೆಳಕಿನ ಧ್ರುವೀಕರಣ: ಎರಡೂ ಒಂದೇನಾ?

ಕರೆಂಟ್ ಹರಿಯದ ವಸ್ತುವಿನ ಮೇಲೆ ವಿದ್ಯುತ್ ಕ್ಷೇತ್ರ ಏನು ಮಾಡೀತು, ಕೆಪಾಸಿಟರ್ (ಚಾರ್ಜ್ ಕೂಡಿಡುವ ಸಾಧನ) ಪಾಠದ ಧ್ರುವೀಕರಣವೂ ಬೆಳಕಿನ ಪಾಠದ ಧ್ರುವೀಕರಣವೂ ಒಂದೇನಾ ಎಂದು ಕೇಳಿದ್ದೀರಿ. ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ನನಗೆ ತುಂಬಾ ಇಷ್ಟದ ವಿಷಯ ಇದು. ಒಂದೇ ಅಲ್ಲ, ಆದರೆ ನಂಟಿದೆ.

ಪ್ಲಾಸ್ಟಿಕ್, ಗಾಜು, ಪಿಂಗಾಣಿಯಲ್ಲಿ ಎಲೆಕ್ಟ್ರಾನ್‌ಗಳು ತಮ್ಮ ಜಾಗ ಬಿಟ್ಟು ಓಡಾಡಲಾರವು. ಹಾಗಂತ ಸುಮ್ಮನೆ ಇರುವುದೂ ಇಲ್ಲ. ಹೊರಗಿನ ಕ್ಷೇತ್ರ ಎಲೆಕ್ಟ್ರಾನ್‌ಗಳನ್ನು ಒಂದು ಕಡೆಗೆ, ನ್ಯೂಕ್ಲಿಯಸ್ಸನ್ನು ಎದುರು ಕಡೆಗೆ ಎಳೆಯುತ್ತದೆ. ಅವು ಸರಿಯುವ ದೂರ ಪರಮಾಣುವಿನ ಗಾತ್ರಕ್ಕಿಂತ ಎಷ್ಟೋ ಚಿಕ್ಕದು. ಆದರೆ ಎಲ್ಲ ಪರಮಾಣುಗಳಲ್ಲೂ ಒಟ್ಟಿಗೇ ಆಗುವುದರಿಂದ ವಸ್ತುವಿನ ಒಂದು ಮುಖದಲ್ಲಿ ಧನ, ಇನ್ನೊಂದರಲ್ಲಿ ಋಣ ಚಾರ್ಜ್ ಕಾಣಿಸಿಕೊಳ್ಳುತ್ತದೆ. ಇದೇ ವಸ್ತುವಿನ ಧ್ರುವೀಕರಣ. ಅದು ಒಳಗಿನ ಕ್ಷೇತ್ರವನ್ನು ತಗ್ಗಿಸುತ್ತದೆ. ಹಾಗಾಗಿ ತಗಡುಗಳ ನಡುವೆ ಇಂಥ ವಸ್ತು ಇಟ್ಟರೆ ಅಷ್ಟೇ ವೋಲ್ಟೇಜಿಗೆ ಕೆಪಾಸಿಟರ್ ಜಾಸ್ತಿ ಚಾರ್ಜ್ ಹಿಡಿಯುತ್ತದೆ. ಫ್ಯಾನ್ ಕಂಡೆನ್ಸರ್‌ನಲ್ಲಿ (ಅದೂ ಕೆಪಾಸಿಟರ್ರೇ) ಬಳಸುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಹಾಳೆಯಿಂದ ಇದು ಸುಮಾರು 2.2 ಪಟ್ಟು ಆಗುತ್ತದೆ.

ನೀರಿಗೆ ಇದೇ ಸಂಖ್ಯೆ ಸುಮಾರು 80! ನೀರಿನ ಅಣುವಿನಲ್ಲಿ ಆಕ್ಸಿಜನ್ ಕಡೆ ಋಣ, ಹೈಡ್ರೋಜನ್ ಕಡೆ ಧನ ಮೊದಲೇ ಇರುತ್ತದೆ. ಕ್ಷೇತ್ರ ಬಂದಾಗ ಇಡೀ ಅಣುವೇ ಆ ಕಡೆ ತಿರುಗಲು ನೋಡುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಕ್ಷೇತ್ರ ಸೆಕೆಂಡಿಗೆ ಸುಮಾರು 245 ಕೋಟಿ ಸಲ ಹಿಂದೆ ಮುಂದೆ ಆಡುತ್ತದೆ. ಅಣುಗಳು ಅದರ ಜೊತೆ ತಿರುಗಲು ಹೋಗಿ ಅಕ್ಕಪಕ್ಕದ ಅಣುಗಳನ್ನು ತಳ್ಳುತ್ತವೆ, ಅನ್ನ ಬಿಸಿಯಾಗುತ್ತದೆ. ಬೇರಿಯಂ ಟೈಟನೇಟ್ ಎಂಬ ಪಿಂಗಾಣಿಯಂಥ ವಸ್ತುವಿನದು ಇನ್ನೂ ವಿಚಿತ್ರ. ಕ್ಷೇತ್ರ ತೆಗೆದ ಮೇಲೂ ಅದರಲ್ಲಿ ಧ್ರುವೀಕರಣ ಉಳಿಯುತ್ತದೆ. ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೋಗುತ್ತದೆ.

ಬೆಳಕಿನ ವಿಷಯದಲ್ಲಿ ಧ್ರುವೀಕರಣ ಅಂದರೆ ಅಲೆಯ ವಿದ್ಯುತ್ ಕ್ಷೇತ್ರ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಅನ್ನುವುದು. ಇಲ್ಲಿ ಚಾರ್ಜ್ ಸರಿಯುವ ಮಾತಿಲ್ಲ. ನಂಟು ಎಲ್ಲಿ ಅಂದರೆ, ಬಿಸಿಲಿನ ಕ್ಷೇತ್ರ ಗಾಳಿಯ ಅಣುಗಳ ಎಲೆಕ್ಟ್ರಾನ್‌ಗಳನ್ನು ಅಲುಗಾಡಿಸುತ್ತದೆ. ಅಂದರೆ ಮೇಲೆ ಹೇಳಿದ ಸರಿದಾಟವೇ, ಅತಿ ವೇಗದಲ್ಲಿ. ಎಲೆಕ್ಟ್ರಾನ್ ತಾನು ಅಲುಗುವ ದಿಕ್ಕಿನಲ್ಲಿ ಬೆಳಕು ಚೆಲ್ಲುವುದಿಲ್ಲ. ಹೀಗಾಗಿ ಸೂರ್ಯನಿಂದ 90 ಡಿಗ್ರಿ ಆಚೆಗಿನ ಆಕಾಶದ ಬೆಳಕು ಸಾಕಷ್ಟು ಧ್ರುವೀಕರಣವಾಗಿರುತ್ತದೆ. ಪೋಲರಾಯ್ಡ್ ಕನ್ನಡಕ (ಒಂದೇ ದಿಕ್ಕಿನ ಕಂಪನದ ಬೆಳಕನ್ನು ಬಿಡುವಂಥದ್ದು) ತಿರುಗಿಸಿ ಆ ಭಾಗ ನೋಡಿ, ನೀಲಿ ಗಾಢವಾಗಿ ಮತ್ತೆ ತಿಳಿಯಾಗುತ್ತದೆ. 1928ರಲ್ಲಿ ಕಲ್ಕತ್ತಾದಲ್ಲಿ ರಾಮನ್ ಮತ್ತು ಕೃಷ್ಣನ್ ಕಂಡ, ಚದುರಿ ಬಣ್ಣ ಬದಲಾದ ಹೊಸ ಬೆಳಕು ಬರೀ ಫ್ಲೋರೆಸೆನ್ಸ್ (ವಸ್ತು ಬೆಳಕು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುವುದು) ಅಲ್ಲ ಎಂದು ತೋರಿಸಿದ್ದರಲ್ಲೂ ಅದರ ಬಲವಾದ ಧ್ರುವೀಕರಣದ ಪಾತ್ರವಿತ್ತು.

ಇನ್ನೆರಡು ಕಡೆ ಇದೇ ಹೆಸರು ಸಿಗುತ್ತದೆ. ವೋಲ್ಟಾ ಕೋಶ ಎಂಬ ಹಳೆಯ ಬಗೆಯ ಬ್ಯಾಟರಿಯ ತಾಮ್ರದ ತಗಡಿಗೆ ಹೈಡ್ರೋಜನ್ ಗುಳ್ಳೆ ಅಂಟಿ ಕರೆಂಟ್ ಕುಗ್ಗುವುದು ಒಂದು. ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುವುದು ಇನ್ನೊಂದು.

ನಿಮ್ಮ ಪುಸ್ತಕದಲ್ಲಿ ಚದರ ಮೀಟರಿಗೆ ಇಷ್ಟು ಕೂಲಂಬ್ ಎಂದಿದ್ದರೆ ಅದು ವಸ್ತುವಿನ ಧ್ರುವೀಕರಣ. ಕೋನದ ಲೆಕ್ಕ ಬಂದರೆ ಹೆಚ್ಚಾಗಿ ಬೆಳಕಿನದು.